ಬದುವಿನ ಬಾಣಂತಿ

ನಮ್ಮ ಹೊಲಕ್ಕೂ ಪಕ್ಕದ ಮನೆಯ ಆಯಿಯ ಹೊಲಕ್ಕೂ ನಡುವೆ ಒಂದು ದಪ್ಪ ಬದುವಿದೆ. ನಮ್ಮೂರು ಡೋಣಿಯಿಂದ ಕಪ್ಪತಗುಡ್ಡದ ಕಡೆ ನಡೆದರೆ ಕೊನೆಗೆ ಸಿಗುವ ಹೊಲಗಳು ನಮ್ಮವೇ. ಅಲ್ಲಿಂದಾಚೆ ಹುಲ್ಲು, ಕಲ್ಲು, ಗುಡ್ಡ. ಎಳ್ಳ ಅಮಾವಾಸ್ಯೆ ಹತ್ತಿರವಾಗಿದ್ದ ಒಂದು ಮುಂಜಾನೆ ಆಯಿಯ ಹೊಲದಲ್ಲಿ ಕಡಲೆ ಪಲ್ಲೆ ಚಿವುಟಲು ಹೋದವಳಿಗೆ ಬದುವಿನ ಬುಡದಲ್ಲಿ ಹಸಿ ಮಣ್ಣು ಕೆದರಿದ್ದು ಕಂಡಿತು. ಮುಳ್ಳುಹಂದಿಯ ಹಳೆಯ ಬಿಲ ಅದು. ಈಗ ಬಾಯಿ ಅಗಲವಾಗಿತ್ತು. ಒಳಗಿನಿಂದ ಕುಂಯ್ ಕುಂಯ್ ಎನ್ನುವ ಸಣ್ಣ ದನಿ. ನಾಯಿಮರಿ ಇರಬೇಕೆಂದು ಬಗ್ಗಿದೆ. ತಲೆ ಎತ್ತಿದರೆ ನಮ್ಮ ಜೋಳದ ಸಾಲಿನಲ್ಲಿ ತೋಳ ನಿಂತಿತ್ತು.

ಅದು ಗುರುಗುಟ್ಟಲಿಲ್ಲ, ಹಲ್ಲು ತೋರಿಸಲಿಲ್ಲ. ಸುಮ್ಮನೆ ನೋಡಿತು. ಹೊಟ್ಟೆ ಬೆನ್ನಿಗೆ ಹತ್ತಿತ್ತು, ಮೊಲೆಗಳು ಜೋಲುತ್ತಿದ್ದವು. ನನ್ನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ ಎಂದು ನಮ್ಮ ಮನೆಯವರು ಆಗಾಗ ಹೇಳುತ್ತಿರುತ್ತಾರೆ. ಆ ಮುಂಜಾನೆ ಹುಟ್ಟಿದ್ದರು. ಉಡಿಯಲ್ಲಿದ್ದ ಪಲ್ಲೆ ಚೆಲ್ಲಿದ್ದೂ ತಿಳಿಯದೆ ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ದಾರಿಗೆ ಬಂದೆ.

ನಾನು ಹುಟ್ಟಿದ್ದು ಬೆಟಗೇರಿಯಲ್ಲಿ, ಮಗ್ಗದ ಸದ್ದಿನ ಓಣಿಯಲ್ಲಿ. ತೋಳ ಎಂದರೆ ಊಟ ಮಾಡದ ಮಕ್ಕಳನ್ನು ಹೆದರಿಸಲು ನಮ್ಮ ಅಜ್ಜಿ ಕರೆಯುತ್ತಿದ್ದ ಪ್ರಾಣಿ, ಅಷ್ಟೇ. ಮದುವೆಯಾಗಿ ಡೋಣಿಗೆ ಬಂದ ಮೇಲೆ ಗುಡ್ಡವೂ ಅದರ ಪ್ರಾಣಿಗಳೂ ನೆರೆಹೊರೆಯಾದವು. ಊರಿನಲ್ಲಿ ಗುಡ್ಡ ಕಾಯುವ ಒಂದು ಗುಂಪಿದೆ. ರೈತರು, ಕುರಿಯವರು, ನನ್ನಂಥ ಹೆಂಗಸರು. ಬೇಸಿಗೆಯಲ್ಲಿ ಬೆಂಕಿ ಹರಡದಂತೆ ಹುಲ್ಲು ಕೊಯ್ದು ದಾರಿ ಬಿಡಿಸುತ್ತೇವೆ, ಕಲ್ಲಿನ ಬಾನಿಗಳಿಗೆ ನೀರು ಹೊರುತ್ತೇವೆ. ಕೂಡಿದಾಗ ಕೆಲಸಕ್ಕಿಂತ ಜಗಳವೇ ಜಾಸ್ತಿ, ಅದರಲ್ಲಿ ನನ್ನ ಪಾಲೂ ಕಡಿಮೆಯಿಲ್ಲ. ಆದರೆ ಒಂದು ಮಾತಿಗೆ ಎಲ್ಲರೂ ಗಟ್ಟಿ. ತೋಳ ಯಾರದಾದರೂ ಕುರಿಮರಿ ಒಯ್ದರೆ, ಕುರಿ ಇರುವ ಉಳಿದ ಮನೆಯವರು ಸೇರಿ ಅವರಿಗೆ ಒಂದು ಮರಿ ಕೊಡಬೇಕು. ಮರಿಗೆ ಮರಿ. ಅದಕ್ಕೆ ಬದಲಾಗಿ, ಕಳೆದುಕೊಂಡವನು ತೋಳದ ಬಿಲಕ್ಕೆ ಹೊಗೆ ಹಾಕಬಾರದು.

ಆಗ ನಮ್ಮ ಹೊಲದಾಚೆ, ಶೇಂಗಾ ಕಿತ್ತು ಖಾಲಿಯಾಗಿದ್ದ ಹೊಲದಲ್ಲಿ, ಒಬ್ಬ ಕುರಿಗಾರ ಹಿಂಡು ನಿಲ್ಲಿಸಿದ್ದ. ಗೊಬ್ಬರವಾಗಲೆಂದು ನಾವೇ ಪ್ರತಿ ವರ್ಷ ಕರೆಸುವವನು, ನಮ್ಮ ಗುಂಪಿನವನೇ. ನಾನು ಅವನನ್ನು ಕಾಕಾ ಅನ್ನುತ್ತೇನೆ. ಸಿಡುಕ ಮನುಷ್ಯ, ಮಾತಾಡಿದರೆ ಒಂದು ಕಲ್ಲು ಎತ್ತಿ ಇಟ್ಟಂತೆ. ಕೆಲವೇ ದಿನಗಳ ಹಿಂದೆ ಅವನ ಒಂದು ಮರಿಯನ್ನು ತೋಳ ಒಯ್ದಿತ್ತು, ನಿಯಮದಂತೆ ನಾವು ಮರಿ ಕೊಟ್ಟಿದ್ದೆವು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನಂದು ಇದಕ್ಕಿಂತ ಮೈ ತುಂಬಿಕೊಂಡಿತ್ತು ಎಂದು ಗೊಣಗಿ ಹಿಂಡಿಗೆ ಬಿಟ್ಟಿದ್ದ. ಬದುವಿನಲ್ಲಿ ತೋಳ ಮರಿ ಹಾಕಿದೆ ಎಂದು ನಾನು ಸುದ್ದಿ ಹೇಳಿದಾಗ ಅವನ ಮುಖ ಇನ್ನಷ್ಟು ಗಂಟಾಯಿತು.

"ಬಾಣಂತಿ ಅಂತ ಬಾಣಂತಿ. ನನ್ನ ಮರಿ ತಿಂದು ಬಾಣಂತನ ಮಾಡಿಸ್ಕೊಳ್ಳಾಕತ್ತೈತಿ," ಎಂದ.

ಆದರೂ ಬಿಲದ ಕಡೆ ಯಾರೂ ಹೋಗಬಾರದು, ಊರಾಚೆ ಯಾರಿಗೂ ಬಾಯಿ ಬಿಡಬಾರದು ಎಂಬ ಗುಂಪಿನ ಮಾತಿಗೆ ಅವನೂ ಗೋಣು ಹಾಕಿದ.

ತಪ್ಪಿದ್ದು ನಮ್ಮ ಆಯಿ. ಬದುವಿನಾಚೆಯ ಹೊಲದ ಒಡತಿ ಆಕೆ. ಮನೆಯಲ್ಲಿ ಹಡೆದ ಮಗಳಿದ್ದಳು. ನಾನು ಗದಗಿಗೆ ಹೊರಟಾಗ, "ಅಂಟು, ಉತ್ತತ್ತಿ, ಕೊಬ್ಬರಿ ತಗೊಂಡ ಬಾ ಯವ್ವಾ, ಚೊಲೋದು ನೋಡಿ ತಾ," ಎಂದಿದ್ದಳು. ಬಾಣಂತಿಗೆ ಅಂಟಿನ ಉಂಡಿ ಕಟ್ಟಲು ಬೇಕಾದ ಸಾಮಾನು, ತಂದುಕೊಟ್ಟೆ. ಉಂಡಿ ಕಟ್ಟಿದ ಆಯಿ ಮಗಳಿಗೊಂದು ಡಬ್ಬಿ ತುಂಬಿಟ್ಟು, ಉಳಿದವನ್ನು ಮುತ್ತಲದ ಎಲೆಯಲ್ಲಿ ಸುತ್ತಿಕೊಂಡು, ಸೀದಾ ಹೋಗಿ ತೋಳದ ಬಿಲದ ಬಾಯಿಗೆ ಇಟ್ಟು ಬಂದಳು. ಹೋಗಿದ್ದಷ್ಟೇ ಅಲ್ಲ, ಅಲ್ಲಿ ಕೂತು ಬಿಲಕ್ಕೆ ಕುಂಕುಮ ಅರಿಶಿಣ ಏರಿಸಿ, ಉಣ್ಣು ತಾಯಿ ಎಂದು ಉಪಚಾರ ಬೇರೆ ಮಾಡಿದ್ದಳು.

ಕೇಳಿದ್ದೇ ಆಕೆಯ ಮನೆಗೆ ಓಡಿದೆ. "ಆಯಿ, ಅಲ್ಲಿ ಯಾಕ ಹೋಗಿದ್ರಿ? ಮನಷ್ಯಾರ ವಾಸನಿ ಬಡದ್ರ ಅದು ಮರಿ ಬಿಟ್ಟು ಹೋದೀತಲ್ರಿ," ಎಂದು ದಬಾಯಿಸಿದೆ.

"ಹಡದಾಕಿ ಹೊಟ್ಟಿ ಎಷ್ಟ ಹಸಿತೈತಿ ನಿನಗ ಗೊತ್ತಿಲ್ಲೇನು? ನೀನೂ ಹಡದಾಕಿ ಅಲ್ಲೇನು?" ಎಂದಳು. ಸ್ವಲ್ಪ ಹೊತ್ತಿಗೆ ನನ್ನ ಮಾತು ತಲೆಗೆ ಇಳಿದಿರಬೇಕು. ಕಟ್ಟೆಯ ಮೇಲೆ ಕೂತುಬಿಟ್ಟಳು. "ಖರೆನ ಬಿಟ್ಟು ಹೋಕ್ಕೈತೇನು?"

ಅಂದು ಸಂಜೆಯೂ ಮರುದಿನವೂ ದೂರದ ದಾರಿಯಿಂದ ನೋಡಿದೆವು, ತೋಳ ಕಾಣಲಿಲ್ಲ. ಆಯಿ ಊಟ ಬಿಟ್ಟಳು. ಮಗಳ ಬಾಣಂತನದ ಮನೆಯಲ್ಲಿ ಕಣ್ಣೀರು ಹಾಕಬಾರದೆಂದು ನಮ್ಮ ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಳು. "ಕೂಸುಗಳ ಬಾಯಾಗಿಂದ ನಾ ಮೊಲಿ ಕಸಗೊಂಡ್ನಿ," ಎಂದು ಅದೊಂದೇ ಮಾತು. ದಬಾಯಿಸಿದ ನಾನೇ ಈಗ ಚಹಾ ಕಾಸಿ ಕೊಟ್ಟು ಸಮಾಧಾನ ಹೇಳಬೇಕಾಯಿತು.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ಆ ದಿನ ಬೆಳೆದು ನಿಂತ ಹೊಲಕ್ಕೆ ಉಣ್ಣಿಸಬೇಕು. ಬನ್ನಿ ಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಕಲ್ಲುಗಳನ್ನಿಟ್ಟು ಪೂಜಿಸಿ, ಮನೆಯ ಅಡುಗೆಯನ್ನೆಲ್ಲ ಬುಟ್ಟಿಯಲ್ಲಿ ಕಲಸಿಕೊಂಡು ಹೊಲದ ಸುತ್ತ ಚೆಲ್ಲುತ್ತ ಹೋಗುವುದೇ ಚರಗ. ಒಬ್ಬರು ಚೆಲ್ಲಿದರೆ ಹಿಂದಿನವರು ನೀರು ಹನಿಸುತ್ತಾರೆ, ಎಲ್ಲರೂ ಸೇರಿ ಗಂಟಲು ಹರಿಯುವಂತೆ ಭೂಮಿತಾಯಿಯನ್ನು ಕೂಗುತ್ತಾರೆ. ಬೀಗರು, ಬಿಜ್ಜರು, ಮಕ್ಕಳು, ಟ್ರ್ಯಾಕ್ಟರು, ಹಾಡು; ಗುಡ್ಡವೇ ಎದ್ದು ಕೂರಬೇಕು. ಜಾತಿ ಬೇರೆಯಾದರೂ ನಾವೂ ನಮ್ಮ ಹೊಲಕ್ಕೆ ಚರಗ ಚೆಲ್ಲುತ್ತೇವೆ. ಮಣ್ಣಿನ ಹಸಿವೆಗೆ ಜಾತಿ ಎಲ್ಲಿಯದು.

ಕೂಗಿಗೆ ಬೆದರಿ ತೋಳ ಮರಿಗಳ ಹತ್ತಿರ ಬಾರದು, ಈ ಸಲ ಚರಗವೇ ಬೇಡವೆಂದು ಆಯಿ ಹಟ ಹಿಡಿದಳು. ಭೂಮಿತಾಯಿಯನ್ನು ಉಪವಾಸ ಕೆಡವುವುದೂ ಸರಿಯಲ್ಲ ಎಂದು ಆಕೆಯ ಮಗ. ಕೊನೆಗೆ ಗುಂಪಿನವರು ಕೂತು ತೀರ್ಮಾನಿಸಿದ್ದೆಂದರೆ, ಚರಗ ನಡೆಯಲಿ, ಆದರೆ ಕೂಗು ಬೇಡ. ಟ್ರ್ಯಾಕ್ಟರು ಊರಲ್ಲೇ ಇರಲಿ, ಮಾತು ಪಿಸುಗುಟ್ಟುವಷ್ಟೇ ಇರಲಿ. ನಮ್ಮವರಿಂದ ಇದು ಆಗುವ ಮಾತೇ ಎಂದು ನನಗೆ ನಗು ಬಂತು. ಬೀಗರಿಗೆ ಮೆಲ್ಲಗೆ ಮಾತಾಡಿ ಎಂದರೆ ಮುನಿಸಿಕೊಂಡು ಹೋಗುವ ಊರು ನಮ್ಮದು.

ಆದರೆ ಆಯಿತು. ಆಯಿಯ ಮಗ ಬುಟ್ಟಿ ಹಿಡಿದು ಕಡಲೆ ಹೊಲದ ಅಂಚಿನಲ್ಲಿ ತುಟಿಯಷ್ಟೇ ಅಲ್ಲಾಡಿಸುತ್ತ ನಡೆದ. ಬದುವಿನ ಮೂಲೆಯನ್ನು ಬಿಟ್ಟ. ಬನ್ನಿ ಗಿಡದ ಕೆಳಗೆ ಊಟಕ್ಕೆ ಕೂತೆವು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಲೆ, ಕಡುಬು. ಕುರಿಗಾರ ಕಾಕಾನೂ ಬಂದಿದ್ದ. ಹಿಂಡಿನ ಹತ್ತಿರ ಹೆಂಡತಿಯನ್ನು ಬಿಟ್ಟು, ಆಕೆಗೂ ಬುತ್ತಿ ಕಟ್ಟಿಸಿಕೊಂಡು ಹೋಗಬೇಕೆಂದು. ಬೇಡವೆಂದರೂ ಅವನ ದೊಡ್ಡ ನಾಯಿ ಬೆನ್ನಿಗೆ ಬಂದಿತ್ತು. ಹೊತ್ತು ಇಳಿಯಿತು. ನಾವು ಪಾತ್ರೆ ಕಟ್ಟಿಕೊಳ್ಳುತ್ತಿದ್ದೆವು. ಆಗ ಆಯಿ ನನ್ನ ಮುಂಗೈ ಹಿಡಿದಳು.

ಜೋಳದ ಒಳಗಿನಿಂದ ತೋಳ ಬದುವಿನ ಮೇಲೆ ಬಂದು ನಿಂತಿತ್ತು. ನಾವು ಹೋಗಲೆಂದು ದಿನವಿಡೀ ಅಲ್ಲೇ ಕಾದಿತ್ತೋ ಏನೋ. ಇನ್ನು ಕಾಯಲು ಆಗದೆ ಬಂದಿರಬೇಕು. ನಮ್ಮ ಕಡೆ ನೋಡಿತು, ಬಿಲಕ್ಕಿಳಿಯಿತು. ಯಾರೂ ಹೇಳಲಿಲ್ಲ, ಕೈಸನ್ನೆಯೂ ಮಾಡಲಿಲ್ಲ. ನಿಂತವರು ನಿಂತಲ್ಲೇ ಕುಕ್ಕರಿಸಿದರು. ತೋಳ ಹೊರಬಂದಾಗ ಬಾಯಲ್ಲಿ ಮರಿ ಇತ್ತು, ಕಪ್ಪಗೆ, ಒಂದು ಬದನೆಕಾಯಿಯಷ್ಟು. ಗುಡ್ಡಕ್ಕೆ ಹೋಗಲು ಅದಕ್ಕೆ ಉಳಿದಿದ್ದ ದಾರಿ ನಮ್ಮ ಮುಂದಿನ ಕಡಲೆ ಹೊಲವೊಂದೇ. ಇನ್ನೊಂದು ಕಡೆ ಕುರಿ, ಮತ್ತೊಂದು ಕಡೆ ಊರ ದಾರಿ. ಮೊಣಕಾಲೆತ್ತರದ ಪೈರಿನಲ್ಲಿ ಅಡಗಿಕೊಳ್ಳಲು ಜಾಗವಿರಲಿಲ್ಲ. ಇಷ್ಟು ಮಂದಿಯ ಕಣ್ಣೆದುರು ಅದು ಓಡದೆ ನಡೆದುಕೊಂಡು ಹೋಯಿತು.

ಹೋಗಿ ಮತ್ತೆ ಬಂತು. ಮತ್ತೊಂದು ಮರಿ. ಯಾರದೋ ಕೂಸು ಅಳಲು ಬಾಯಿ ತೆರೆಯಿತು, ತಾಯಿ ಅದನ್ನು ಎದೆಗೆ ಹಚ್ಚಿಕೊಂಡಳು. ಅಲ್ಲಿ ಕೂತಿದ್ದವರಲ್ಲಿ ಮದುವೆ ಮನೆಯಲ್ಲೂ ಜಗಳ ತೆಗೆಯುವವರಿದ್ದರು, ಪರಸ್ಪರ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದರು. ಎಲ್ಲರ ಮುಖವೂ ಒಂದೇ ಆಗಿತ್ತು. ಇಷ್ಟು ವರ್ಷ ಗುಡ್ಡ ಕಾಯುತ್ತೇವೆ ಎಂದು ಹೇಳಿಕೊಂಡು ತಿರುಗಿದವಳು, ಗುಡ್ಡ ನಮ್ಮನ್ನು ನಂಬಿದ್ದನ್ನು ಆವತ್ತು ಕಣ್ಣಾರೆ ಕಂಡೆ.

ನಾಯಿಗೆ ವಾಸನೆ ಹತ್ತಿತು. ಅದರ ಕುತ್ತಿಗೆಯ ಕೂದಲು ಎದ್ದದ್ದೇ ಕಾಕಾ ಕಂಬಳಿಯನ್ನು ಅದರ ಮೇಲೆ ಎಳೆದು, ಮೈಯೆಲ್ಲ ಹಾಕಿ ಅದುಮಿಕೊಂಡು, ಬೊಗಳದಂತೆ ಬಾಯನ್ನು ಕೈಯಿಂದ ಹಿಡಿದ. ನಾಯಿ ಒದ್ದಾಡಿತು, ಕಚ್ಚಿತು. ಬೆರಳ ಸಂದಿನಿಂದ ರಕ್ತ ಇಳಿದದ್ದು ನನಗೆ ಕಂಡಿತು. ಅವನು ಕೈ ಬಿಡಲಿಲ್ಲ.

ಆಗಲೇ ನಮ್ಮ ಹೊಲದಾಚೆಯಿಂದ ಕುರಿಗಳ ಅರಚಾಟ ಕೇಳಿಸಿತು. ಹಿಂಡು ಚೆದುರಿದ ಸದ್ದು, ಅವನ ಹೆಂಡತಿಯ ಕೂಗು. ಅದೇನೆಂದು ನಮಗೂ ತಿಳಿಯಿತು, ಅವನಿಗೆ ತಿಳಿಯದೆ ಇದ್ದೀತೇ. ಗಂಡು ತೋಳ, ನಾಯಿ ಇಲ್ಲದ ಹಿಂಡಿಗೆ ಬಿದ್ದಿತ್ತು. ಕಾಕಾ ಕತ್ತು ತಿರುಗಿಸಿ ಆ ಕಡೆ ನೋಡಿದ. ಎದುರಿಗೆ ಹೆಣ್ಣು ತೋಳ ಬಾಯಲ್ಲಿ ಮರಿ ಕಚ್ಚಿಕೊಂಡು ಹೊಲದ ನಟ್ಟನಡುವೆ ಇತ್ತು, ಸದ್ದಿಗೆ ಕಿವಿ ನಿಮಿರಿಸಿ ನಿಂತಿತ್ತು. ಇವನು ಎದ್ದರೆ, ನಾಯಿ ಬಿಟ್ಟರೆ, ಅದು ಮರಿಯನ್ನು ಅಲ್ಲೇ ಕೆಡವಿ ಓಡುತ್ತದೆ. ಹಿಂಡು ಕೂಗುತ್ತಲೇ ಇತ್ತು. ಕಾಕಾ ಕಣ್ಣು ಮುಚ್ಚಿಕೊಂಡು, ನಾಯಿಯ ತಲೆಯನ್ನು ಇನ್ನಷ್ಟು ಎದೆಗೆ ಒತ್ತಿಕೊಂಡು ಕೂತ.

ತೋಳ ಹೆಜ್ಜೆ ಮುಂದಿಟ್ಟಿತು. ಹುಲ್ಲಿನೊಳಗೆ ಹೋಗಿ ಮರೆಯಾಯಿತು. ಮತ್ತೊಮ್ಮೆ ಬಂದು ಬಿಲದಲ್ಲಿ ಇಣುಕಿ, ಬರಿಬಾಯಲ್ಲಿ ತಿರುಗಿ ಗುಡ್ಡದ ಕಡೆ ಹೊರಟಿತು.

"ಎಲ್ಲಾವು ಹ್ವಾದೂ?" ಎಂದು ಆಯಿ ಕೇಳಿದಳು.

"ಹ್ವಾದೂ ಆಯಿ. ಒಂದನ್ನೂ ಬಿಡಲಿಲ್ಲ," ಎಂದೆ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಾಕಾ ಆಗಲೇ ಎದ್ದು, ಜೋಳದ ನಡುವೆ ಹಾದು ಹಿಂಡಿನ ಕಡೆ ಓಡುತ್ತಿದ್ದ.

ಗಂಡು ತೋಳ ಒಂದು ಕುರಿಮರಿ ಒಯ್ದಿತ್ತು. ಮರುದಿನ ಗುಂಪಿನವರೆಲ್ಲ ಹಿಂಡಿನ ಹತ್ತಿರ ಹೋದೆವು. ಅವನ ಕೈಗೆ ಅರಿಶಿಣ ಒತ್ತಿ ಬಟ್ಟೆ ಕಟ್ಟಲಾಗಿತ್ತು. ನಾಯಿ ಕಚ್ಚಿದ್ದಕ್ಕೆ ಅರಿಶಿಣ ಸಾಲದು, ಮುಂಡರಗಿಗೆ ಹೋಗಿ ಸೂಜಿ ಹಾಕಿಸಿಕೊ ಎಂದು ನಾನು ಬೈದೆ. ಮುಂಜಾನೆಯ ಬಸ್ಸಿಗೆ ಹೋಗಿ ಬಂದಾಯಿತು ಎಂದ. ಆಯಿ ತನ್ನ ಕೊಟ್ಟಿಗೆಯದೇ ಒಂದು ಮರಿಯನ್ನು ಎತ್ತಿಕೊಂಡು ಬಂದಿದ್ದಳು, ಮೈ ತುಂಬಿಕೊಂಡದ್ದನ್ನೇ ಆರಿಸಿ. ಕಾಕಾ ಅದರ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿ ವಾಪಸು ಆಕೆಯ ಕಡೆ ತಳ್ಳಿದ.

"ಇದು ಬ್ಯಾಡ ಆಯಿ."

"ಯಾಕೋ ಯಪ್ಪಾ? ನ್ಯಾಯ ಅಲ್ಲೇನು? ಮರಿಗಿ ಮರಿ."

ಅವನಿಗೆ ಇಷ್ಟು ಉದ್ದ ಮಾತು ಆಡಿ ಅಭ್ಯಾಸವಿರಲಿಲ್ಲ. ನೆಲ ನೋಡುತ್ತ ತಡೆತಡೆದು ಹೇಳಿದ:

"ಮೊದಲಿಂದು ಕಳವಿಲೆ ಒಯ್ದಿತ್ತು. ನನಗ ಗೊತ್ತಿರಲಿಲ್ಲ. ಅದಕ್ಕ ಇಸ್ಕೊಂಡ್ನಿ. ನಿನ್ನಿದು ಹಂಗಲ್ಲ. ಒದರೋದು ಕೇಳಿಸ್ಕೊಂತ ಕುಂತಿದ್ನಿ. ಏಳಬೇಕಂದಿದ್ರ ಏಳತಿದ್ನಿ. ಅದನ್ನ ಒಯ್ದಾಂಗಲ್ಲ, ನಾನ ಕೊಟ್ಟಾಂಗ."

ಆಯಿ ಮರಿಯನ್ನು ತಬ್ಬಿಕೊಂಡು ನಿಂತಳು. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿ ಎಬ್ಬಿಸಿದ.