ಲೋಬಾನ ಬಿಟ್ಟ ಮನೆ

ಕಿಟಕಿಯ ಸಂದಿಯಲ್ಲಿ ಗಾಳಿ ನುಗ್ಗಿದಂತೆ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು ಆ ಉಸಿರು. ಸಾಗರದಲ್ಲಿ ನನ್ನ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದವರ ಎಳೆ ಹೆಣ್ಣುಕೂಸಿನದು. ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಪಾಠ ಹೇಳಿ, ಮದುವೆಯಾಗದೆ ರಿಟೈರ್ ಆದವಳು ನಾನು. ದಿನಕ್ಕೊಮ್ಮೆ ಆ ಕೂಸನ್ನು ಮಡಿಲಲ್ಲಿ ಮಲಗಿಸಿಕೊಳ್ಳುವುದೇ, ಹೌ ಶಲ್ ಐ ಪುಟ್ ಇಟ್, ನನ್ನ ಇಡೀ ಸೋಶಿಯಲ್ ಲೈಫ್.

ಬಾಣಂತನಕ್ಕೆ ರಿಪ್ಪನ್‌ಪೇಟೆಯಿಂದ ಬಂದಿದ್ದ ಕೂಸಿನ ಅಜ್ಜಿ, ಎಣ್ಣೆ ಹಚ್ಚಿ ನೀರು ಹಾಕಿದ ಮೇಲೆ ಬಾಗಿಲು ಮುಚ್ಚಿ, ಕೆಂಡಕ್ಕೆ ಲೋಬಾನ ಉದುರಿಸಿ, ಕೂಸನ್ನು ಹೊಗೆಗೆ ಹಿಡಿಯುತ್ತಿದ್ದರು. ಆ ಮಳೆಗಾಲದಲ್ಲಿ ಮೊದಲು ಅದರ ಅಪ್ಪನಿಗೆ ನೆಗಡಿಯಾಯಿತು. ಆಮೇಲೆ ಕೂಸು ಹಾಲು ಬಿಟ್ಟಿತು; ಉಸಿರೆಳೆದಾಗಲೆಲ್ಲ ಪಕ್ಕೆಯ ಕೆಳಗೆ ಚರ್ಮ ಒಳಕ್ಕೆ ಸೆಳೆಯತೊಡಗಿತು. ಹೊಗೆ ಸಾಲಲಿಲ್ಲವೆಂದು ಅಜ್ಜಿ ಇನ್ನಷ್ಟು ಲೋಬಾನ ಹಾಕಿದರು.

"ಸಾಕು ಮಾರಾಯ್ತಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ," ಎಂದೆ.

"ಹಡೆದೋರಲ್ಲ ನೀವು ಟೀಚರಮ್ಮ, ನಿಮ್ಗೆ ಎಂತ ಗೊತ್ತಾಗ್ತದೆ?"

ಕೂಸಿನ ತಾಯಿ ಎದ್ದು ಅದನ್ನು ಶಾಲಿನಲ್ಲಿ ಸುತ್ತಿಕೊಂಡಳು. ನಾನು ಆಟೋ ಕರೆದೆ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಬ್ರಾಂಕಿಯೋಲೈಟಿಸ್ ಎಂದರು. "ದೊಡ್ಡೋರಿಗೆ ಬರೀ ಶೀತ, ಇಷ್ಟು ಸಣ್ಣೋರಿಗೆ ಅದು ಎದೆಗೇ ಇಳೀತದೆ," ಎಂದರು ಡಾಕ್ಟರ್. "ಎದೆಹಾಲು ಕೊಡ್ತಾ ಇರಿ. ಹೊಗೆ ಬೇಡ್ವೇ ಬೇಡ. ಕೈ ಸೋಪಲ್ಲಿ ತೊಳ್ಕೊಂಡೇ ಮುಟ್ಟಿ. ಶೀತ ಇದ್ದೋರು ಯಾರೇ ಆಗ್ಲಿ, ಹತ್ರ ಬಿಡ್ಬೇಡಿ."

ಕೂಸು ಚೇತರಿಸಿಕೊಂಡು ಮನೆಗೆ ಬಂತು. ಅಜ್ಜಿ ಕೆಂಡದ ಬಟ್ಟಲನ್ನು ಅಟ್ಟಕ್ಕೆ ಹಾಕಿ, ಚೊಂಬು, ಸೋಪು ಹಿಡಿದು ಬಾಗಿಲಲ್ಲಿ ಕಾವಲು ನಿಂತರು. ಕೂಸು ನೋಡಲು ಬಂದ ನೆಂಟರಿಗೆ, "ಮೊದ್ಲು ಕೈ! ಮುತ್ತು ಕೊಡೋದೆಲ್ಲ ನಿಮ್ಮನೆ ಮಕ್ಳಿಗೆ," ಎನ್ನುತ್ತಿದ್ದರು.

ಮಳೆ ಹಿಡಿದರೆ ನನ್ನ ಮೂಗು ದೀಪಾವಳಿಯವರೆಗೆ ಆರುವುದಿಲ್ಲ.

"ಟೀಚರಮ್ಮ, ಇವತ್ತೆಂತ?"

"ರನ್ನಿಂಗ್."

"ಹಂಗಾರೆ ಜಗಲೀಲೇ ಕೂತ್ಕಳಿ. ಕಾಪಿ ಅಲ್ಲಿಗೇ ತರ್ತೀನಿ."

ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿ ಬರಲಿಲ್ಲ. ಒಳಗೆ ಕೂಸು ಮೊದಲ ಸಲ ಕೇಕೆ ಹಾಕಿ ನಕ್ಕಾಗ ನಾನು ಜಗಲಿಯಲ್ಲಿದ್ದೆ. ಯಾರ ಮುಖ ನೋಡಿ ನಕ್ಕಿತೋ ತಿಳಿಯಲಿಲ್ಲ.

ಮಳೆ ನಿಲ್ಲುವ ಮೊದಲೇ ಅದರ ಅಪ್ಪನಿಗೆ ತೀರ್ಥಹಳ್ಳಿಗೆ ಟ್ರಾನ್ಸ್‌ಫರ್ ಆಯಿತು. ಸಾಮಾನು ಹೇರಿದ ದಿನವೂ ನನಗೆ ಶೀತ. ಗೇಟಿನ ಬಳಿ ಮಾಸ್ಕ್ ಹಾಕಿ ನಿಂತೆ. ತಾಯಿ ಮೆಟ್ಟಿಲ ಮೇಲಿಂದಲೇ ಕೂಸಿನ ಕೈಯೆತ್ತಿ ನನ್ನತ್ತ ಆಡಿಸಿದಳು. ಮುಖವಿಲ್ಲದ ನನ್ನನ್ನು ನೋಡಿ ಅದು ತುಟಿ ಸೊಟ್ಟ ಮಾಡಿ, ಅಮ್ಮನ ಹೆಗಲಿಗೆ ತಲೆ ಒತ್ತಿತು. ಗಾಡಿ ತಿರುವು ದಾಟುವವರೆಗೆ ನನಗೆ ಕಂಡಿದ್ದು ಉಣ್ಣೆಯ ಟೋಪಿಯ ಹಿಂಭಾಗ ಮಾತ್ರ.