ಬರಿಗೈಯ ಭಾನುವಾರ

ನೀರು ಇಳಿದಿದೆ, ಬೆಳಕು ಇನ್ನೂ ಏರಿಲ್ಲ. ಫುವಾತಿನೊ ಸೊಂಟ ಮುಳುಗುವಷ್ಟು ಸಮುದ್ರದಲ್ಲಿ ನಿಂತು ಪಾದದಿಂದ ಕಲ್ಲುಗಳನ್ನು ತಡಕುತ್ತಿದ್ದಾರೆ. ಆ ಕಲ್ಲುಗಳ ಕೆಳಗೆ, ಸುರುಳಿ ಸುತ್ತಿ ಕಟ್ಟಿದ ಕೇದಗೆ ಎಲೆಗಳು ಕೆಲವು ದಿನಗಳಿಂದ ಉಪ್ಪು ಕುಡಿಯುತ್ತಿವೆ. ಒಂದೊಂದೇ ಕಟ್ಟು ಎತ್ತಿ ಹೆಗಲಿಗೇರಿಸುತ್ತಾರೆ. ದಡದಲ್ಲಿ ಮಗ ಇಯೋನಾ ಕೈಚಾಚಿ ನಿಂತಿದ್ದಾನೆ.

"ಕೊಡಮ್ಮ, ನಾನು ಹೊರ್ತೀನಿ."

"ನೀನು ಹೊತ್ತಿದ್ದು ಸಾಕು. ಸರಿ ಆ ಕಡೆ."

ಇವತ್ತು ಶನಿವಾರ. ನಾಳೆ ಸವಾಯಿ ದ್ವೀಪದ ಈ ದಂಡೆಯಲ್ಲಿ ಯಾರೂ ಕೆಲಸ ಮುಟ್ಟುವುದಿಲ್ಲ. ಫುವಾತಿನೊಗೆ ವಾರದ ಅತಿ ಕಷ್ಟದ ದಿನ ಅದೇ. ಪ್ರಾರ್ಥನೆಯ ಹೊತ್ತಿನಲ್ಲೂ ಅವರ ಬೆರಳುಗಳು ಲಂಗದ ಅಂಚನ್ನು ಮೇಲೆ ಕೆಳಗೆ ಹೆಣೆಯುತ್ತಲೇ ಇರುತ್ತವೆ. ಸಾಲದ್ದಕ್ಕೆ ನಾಳೆ ಅವರು ಒಂದು ಮನೆಗೆ ಊಟಕ್ಕೆ ಹೋಗಬೇಕಿದೆ. ಆ ಊಟ ಅವರ ನಿದ್ದೆ ಕೆಡಿಸಿದೆ.

ಅವರು ನೇಯುವುದು ನೆಲಕ್ಕೆ ಹಾಸುವ ಚಾಪೆಗಳಲ್ಲ. ಮದುವೆಯಲ್ಲಿ, ಸಾವಿನಲ್ಲಿ ಮನೆಯಿಂದ ಮನೆಗೆ ಹೋಗುವ, ಬಟ್ಟೆಯಂತೆ ಮಡಚಬಹುದಾದ ನವಿರು ಚಾಪೆಗಳು. ಎಲೆಯ ಪದರ ಸುಲಿದು, ಬಿಸಿಲಿಗೆ ಬಿಳಿಚಿಸಿ, ದಾರದಷ್ಟು ಸಣ್ಣಗೆ ಸೀಳಬೇಕು. ಹೊತ್ತೇರಿದರೆ ಎಳೆ ಒಣಗಿ ಮುರಿಯುತ್ತದೆ, ಹಾಗಾಗಿ ಮುಂಜಾನೆಯ ತಂಪಿನಲ್ಲೇ ನೇಯ್ಗೆ. ದಿನಕ್ಕೆ ಬೆರಳಗಲ ಮುಂದೆ ಸರಿದರೆ ಹೆಚ್ಚು. ಸಭೆಯಲ್ಲಿ ಚಾಪೆ ಬಿಚ್ಚಿ ಹಿಡಿದಾಗ ಕೊಟ್ಟ ಮನೆತನದ ಹೆಸರು ಕೂಗುತ್ತಾರೆ. ನೇಯ್ದವಳ ಹೆಸರನ್ನು ಯಾರೂ ಕೇಳುವುದಿಲ್ಲ.

ಕೊಟ್ಟ ಚಾಪೆ ಅವರ ಕೈಗೇ ಮರಳಿದ್ದು ಒಂದೇ ಮನೆಯಿಂದ. ವರ್ಷಗಳ ಹಿಂದೆ ಇಯೋನಾ ಕುಡಿದು ಪಿಕಪ್ ಓಡಿಸಿದ. ಬ್ರೆಡ್ಡು ತರಲು ಹೊರಟಿದ್ದ ಪಕ್ಕದೂರಿನ ಹುಡುಗಿಯೊಬ್ಬಳು ಅದಕ್ಕೆ ಸಿಕ್ಕಿ ಸತ್ತಳು; ಪೆಲೆಯುಪು ಎಂಬ ಮಹಿಳೆಯ ಮಗಳು. ಮರುದಿನ ಬೆಳಕು ಹರಿಯುವ ಮೊದಲೇ ಫುವಾತಿನೊ ಬಂಧುಗಳೊಂದಿಗೆ ಹೋಗಿ ಆ ಮನೆಯ ಅಂಗಳದಲ್ಲಿ, ತಲೆಯ ಮೇಲೆ ಚಾಪೆ ಹೊದ್ದು ಕೂತರು. ತಪ್ಪು ಮಾಡಿದ ಮನೆಯವರು ಹೀಗೆ ಕೂರಬೇಕು. ನೊಂದವರು ಬಂದು ಚಾಪೆ ಎತ್ತಿದರೆ ಕ್ಷಮೆ. ಎತ್ತುವವರೆಗೆ ಬಿಸಿಲು ಸುಡಲಿ, ಕಲ್ಲೇ ಬೀಳಲಿ, ಏಳುವಂತಿಲ್ಲ. ಎತ್ತಿದ ಚಾಪೆ ಆ ಮನೆಗೇ ಸೇರುತ್ತದೆ.

"ಒಳಗೆ ಕತ್ಲೆ. ನಾನೇ ನೇಯ್ದಿದ್ದು, ಇಣುಕೋಕೆ ಒಂದು ತೂತೂ ಬಿಟ್ಟಿರ್ಲಿಲ್ಲ," ಎನ್ನುತ್ತಾರೆ ಫುವಾತಿನೊ. "ಹೆಜ್ಜೆ ಸದ್ದು ಬಂತು. ಕೈಲಿ ಕತ್ತಿ ಇರತ್ತೆ ಅಂದ್ಕೊಂಡೆ. ನೋಡಿದ್ರೆ, ಬೆಳಕು."

ಪೆಲೆಯುಪು ಚಾಪೆ ಎತ್ತಿದರು. ಮಡಚಿದರು. ಇಟ್ಟುಕೊಳ್ಳದೆ ಫುವಾತಿನೊ ಮಡಿಲಲ್ಲೇ ಇಟ್ಟು, "ಎದ್ದು ಮನೆಗೆ ಹೋಗಿ, ಬಿಸಿ ಕೋಕೋ ಕುಡೀರಿ" ಎಂದರು.

ಇಯೋನಾ ಜೈಲಿಗೆ ಹೋಗಿ ಬಂದ, ಕುಡಿತ ಬಿಟ್ಟ. ಆ ಚಾಪೆ ಮಾತ್ರ ಅವನ ತಾಯಿಯ ಮಡಿಲಿನಿಂದ ಇಳಿಯಲೇ ಇಲ್ಲ. "ತಗೋಬೇಕಿತ್ತು. ಇಲ್ಲಾ, ಹೊಡೀಬೇಕಿತ್ತು. ಸುಮ್ನೆ ಬಿಟ್ಬಿಟ್ರೆ ನಾನೇನು ಮಾಡ್ಲಿ?"

ಮಾಡಿದ್ದು ಕೆಲಸ. ಚರ್ಚಿನ ಅಂಗಳ ಗುಡಿಸಿದರು, ಪಾದ್ರಿ ಮನೆಗೆ ಅಡುಗೆ ಹೊತ್ತರು. ಪೆಲೆಯುಪುಗೆ ಕೊಡಲೆಂದೇ, ಹಿಂದೆಂದೂ ನೇಯದಷ್ಟು ನವಿರಾದ ಇನ್ನೊಂದು ಚಾಪೆ ಶುರುಮಾಡಿದರು. ಜೊತೆಗೆ ಕೂತು ನೇಯುವ ತಿಯಾನಾ ಕೆಣಕುತ್ತಿದ್ದಳು.

"ಅಕ್ಕಾ, ಸ್ವರ್ಗದ ಬಾಗ್ಲಿಗೇನು ಇದು? ಆ ಬಾಗ್ಲು ಕಾಯೋ ಪೇತ್ರ ಅಳತೆ ಕೊಟ್ಟಿದ್ದಾನಾ?"

"ನಿನ್ನ ಬಾಯಿ ಅಳತೆ ತಗೊಂಡಿದ್ದೀನಿ. ಮೊದ್ಲು ಅದನ್ನ ಮುಚ್ತೀನಿ."

ಹೊಸದಾಗಿ ಬಂದ ಪಾದ್ರಿ ಎಲಿಸಾರಾ ಒಂದು ಭಾನುವಾರ ಕೃಪೆಯ ಮೇಲೆ ಪ್ರಸಂಗ ಮಾಡಿದರು. ಫುವಾತಿನೊ ಅವರನ್ನು ಮೆಟ್ಟಿಲಲ್ಲೇ ತಡೆದರು.

"ದುಡಿದ್ರೆ ರಕ್ಷಣೆ ಸಿಗಲ್ಲ, ದೇವ್ರು ಪುಕ್ಕಟೆ ಕೊಡ್ತಾನೆ ಅಂದ್ರಿ. ಹಾಗಾದ್ರೆ ಈ ಮೆಟ್ಲು ಯಾಕೆ ಗುಡಿಸ್ಲಿ ನಾನು?"

"ಗುಡಿಸಿ ತಾಯಿ. ಕೂಲಿಗೆ ಅಂತ ಗುಡಿಸ್ಬೇಡಿ, ಅಷ್ಟೇ."

"ನಂಬಿಕೆ ಇದೆ ಅಂತ ಕೈ ಕಟ್ಕೊಂಡು ಕೂತ್ರೆ, ಅದೆಂಥ ನಂಬಿಕೆ?"

ಪಾದ್ರಿ ನಕ್ಕರು. "ಅದೂ ನಿಜಾನೇ. ಇದಕ್ಕೇ ನಮ್ಮೋರು ನೂರಾರು ವರ್ಷದಿಂದ ಜಗಳ ಆಡ್ತಿರೋದು. ಕೃಪೆ ಮೊದ್ಲು, ಅದರ ಖುಷಿಗೆ ಕೆಲಸ ಆಮೇಲೆ ಅಂತ ನಾನು. ನೀವು ಕೆಲಸಾನ ಮುಂದೆ ನಿಲ್ಸಿ, ಕೃಪೆಗೆ ದಾರಿ ಬಿಡ್ತಿಲ್ಲ."

ಆ ಮಾತು ಅವರಿಗೆ ರುಚಿಸಲಿಲ್ಲ. ಮರುದಿನ ಇನ್ನೂ ಬೇಗ ಎದ್ದು ನೇಯಲು ಕೂತರು.

ಕಳೆದ ತಿಂಗಳು ಚಾಪೆ ಮುಗಿಯಿತು. ಅಂಚಿಗೆ ಕೆಂಪು ಗರಿ ಹೊಲಿದು, ಹೊತ್ತುಕೊಂಡು ಪೆಲೆಯುಪು ಮನೆಗೆ ನಡೆದರು. ಪೆಲೆಯುಪು ಅದರ ಮೇಲೆ ಅಂಗೈ ಆಡಿಸಿದರು.

"ಇಂಥದ್ದು ನಾನು ನೋಡೇ ಇಲ್ಲ."

"ತಗೋ ಮತ್ತೆ."

"ಬೇಡ."

"ಕಮ್ಮಿ ಆಯ್ತಾ?"

"ಏನು ತಂದ್ರೆ ಕಮ್ಮಿ ಆಗಲ್ಲ, ಹೇಳು? ಅವತ್ತು ನಾನು ಎತ್ತಿದ್ದು ಚಾಪೆ ಚೆನ್ನಾಗಿದೆ ಅಂತ ಅಲ್ಲ, ಫುವಾತಿನೊ. ಇವತ್ತು ಇದನ್ನ ತಗೊಂಡ್ರೆ, ಮಗಳನ್ನ ಮಾರಿದ ಹಾಗೆ." ಪೆಲೆಯುಪು ಚಾಪೆಯನ್ನು ಮತ್ತೆ ಮಡಚಿದರು. "ಭಾನುವಾರ ಊಟಕ್ಕೆ ಬಾ. ಮಗನ್ನೂ ಕರ್ಕೊಂಡು ಬಾ. ಬರಿಗೈಲಿ ಬರ್ಬೇಕು. ಒಂದು ತೆಂಗಿನಕಾಯಿ ತಂದ್ರೂ ಒಳಗೆ ಬಿಡಲ್ಲ."

ಇಲ್ಲಿ ಯಾರೂ ಬರಿಗೈಯಲ್ಲಿ ಊಟಕ್ಕೆ ಹೋಗುವುದಿಲ್ಲ. ಮನೆಗಳಿಗೆ ಗೋಡೆಯಿಲ್ಲ, ಕಂಬಗಳಷ್ಟೇ. ಯಾರು ಏನು ಹೊತ್ತು ಬಂದರು ಎಂಬುದನ್ನು ಇಡೀ ಬೀದಿ ನೋಡುತ್ತದೆ. ಮೊದಲ ಭಾನುವಾರ ಫುವಾತಿನೊಗೆ ತಲೆನೋವು. ಮುಂದಿನ ವಾರ ಮಳೆ. ಅದರ ಮುಂದಿನ ವಾರ ನೆಪವೂ ಸಿಗಲಿಲ್ಲ, ಸುಮ್ಮನೆ ಹೋಗಲಿಲ್ಲ. ನಿನ್ನೆ ಪೆಲೆಯುಪು ಹೇಳಿಕಳಿಸಿದ್ದಾರೆ: "ಈ ಸಲನೂ ಬರ್ದಿದ್ರೆ, ನೀನಿನ್ನೂ ಆ ಚಾಪೆ ಕೆಳಗೇ ಕೂತಿದ್ದೀಯ ಅಂತ ತಿಳ್ಕೋತೀನಿ."

ಸೂರ್ಯ ಮೇಲೆ ಬಂದಿದ್ದಾನೆ. ಫುವಾತಿನೊ ನೀರಿನಿಂದ ಹೊರಬಂದು ನಿಲ್ಲುತ್ತಾರೆ. ಹೆಗಲ ಕಟ್ಟುಗಳಿಂದ ಉಪ್ಪುನೀರು ಬೆನ್ನಿಗೆ ಇಳಿಯುತ್ತಿದೆ. ನಾಳೆ ಹೋಗುತ್ತೀರಾ ಎಂದು ಕೇಳಿದರೆ ಸಮುದ್ರದ ಕಡೆ ನೋಡುತ್ತಾರೆ.

"ಹೋಗ್ತೀನಿ. ಊಟಕ್ಕೆ ಕೂತ್ಮೇಲೆ ಕೈಗೆ ಏನೋ ಕೆಲಸ ಸಿಗತ್ತೆ. ರಸ್ತೆಯಿಂದ ಆ ಕಂಬದವರೆಗೆ ನಡೀಬೇಕಲ್ಲ, ಅದೇ ಕಷ್ಟ. ಅಷ್ಟು ದೂರ ಈ ಕೈ ಎಲ್ಲಿಟ್ಕೊಳ್ಳೋದು, ಯಾರಾದ್ರೂ ಹೇಳ್ಕೊಟ್ರೆ ಸಾಕು."

ಆಮೇಲೆ ಇಯೋನಾನತ್ತ ತಿರುಗಿ, "ಹಿಡ್ಕೋ" ಎಂದು ಎಲ್ಲ ಕಟ್ಟುಗಳನ್ನೂ ಅವನ ಹೆಗಲಿಗೆ ದಾಟಿಸುತ್ತಾರೆ. ಮನೆಯ ಕಡೆ ನಡೆಯುತ್ತಾರೆ. ಕೈಗಳು ಒಮ್ಮೆ ಬೆನ್ನ ಹಿಂದೆ, ಒಮ್ಮೆ ಎದೆಯ ಮೇಲೆ. ಕೊನೆಗೆ ಎರಡೂ ಬದಿಗೆ ಜೋತುಬೀಳುತ್ತವೆ.

"ಯಾಕಮ್ಮ, ಹುಷಾರಿಲ್ವಾ?"

"ನಾಳೆಗೆ ಅಭ್ಯಾಸ ಮಾಡ್ತಿದ್ದೀನಿ. ಸುಮ್ನೆ ಬಾ."