ಇಲ್ಕಾ ಪದ್ಯ ಬರೆದುಕೊಡದ ವರ್ಷ

ಕಿಶ್‌ಕುತ್ ಊರಿನ ಗಂಡುಹುಡುಗರು ವರ್ಷಕ್ಕೆ ಒಂದು ಕಾದಂಬರಿಯನ್ನಾದರೂ ಕೊನೆಯ ಪುಟದವರೆಗೆ ಓದುತ್ತಾರೆಂದರೆ ಅದಕ್ಕೆ ಗ್ರಂಥಾಲಯದ ಇಲ್ಕಾಳೇ ಕಾರಣ. ಅದೂ ಎಂಥ ಕಾದಂಬರಿ ಅಂತೀರಿ! ಯುದ್ಧದ್ದಲ್ಲ, ಪತ್ತೇದಾರಿಯದಲ್ಲ. ಹದಿನಾರು ತುಂಬಿದ ಹುಡುಗಿ ಅಮ್ಮನ ಜೊತೆ ಜಗಳವಾಡಿ, ಅಪ್ಪನಿಗೆ ಕಾಣದಂತೆ ಅತ್ತು, ಪಕ್ಕದ ಬೀದಿಯ ಹುಡುಗನ ಸೈಕಲ್ ಗಂಟೆ ಕೇಳಿದರೆ ಕಿಟಕಿಗೆ ಓಡಿ, ಕಡೆಗೊಂದು ಬೆಳಗ್ಗೆ ತಾನು ದೊಡ್ಡವಳಾಗಿಬಿಟ್ಟಿದ್ದೇನೆಂದು ತಾನೇ ಬೆರಗಾಗುವ ಕಾದಂಬರಿ. ಹುಡುಗರು ಅವನ್ನು ಮೀನು ಹಿಡಿಯುವ ಪತ್ರಿಕೆಯ ರಟ್ಟಿನೊಳಗೆ ಅಡಗಿಸಿ ಮನೆಗೆ ಒಯ್ಯುತ್ತಿದ್ದರು. ಮಾರ್ಚ್ ತಿಂಗಳಲ್ಲಿ ಊರಿನ ಅರ್ಧ ಹುಡುಗರಿಗೆ ಮೀನಿನ ಹುಚ್ಚು ಹಿಡಿದಿದೆ ಎಂದು ಅವರ ಅಪ್ಪಂದಿರು ತಿಳಿದುಕೊಂಡಿದ್ದರು.

ಓದದೆ ಗತಿಯಿರಲಿಲ್ಲ. ಈಸ್ಟರ್ ಹಬ್ಬದ ಮರುದಿನ, ನೀರಿನ ಸೋಮವಾರ, ಹುಡುಗರು ಸುಗಂಧದ ನೀರಿನ ಬಾಟಲಿ ಹಿಡಿದು ಹೆಣ್ಣುಮಕ್ಕಳಿರುವ ಮನೆಮನೆಗೂ ಹೋಗಬೇಕು. ಬಾಗಿಲಲ್ಲಿ ನಿಂತು ನಾಲ್ಕು ಸಾಲು ಪದ್ಯ ಹೇಳಬೇಕು, ಆಮೇಲೆ ಹುಡುಗಿಯ ತಲೆಗೆ ನೀರು ಚಿಮುಕಿಸಬೇಕು. ಹೂವಿಗೆ ನೀರೆರೆಯದಿದ್ದರೆ ಬಾಡುತ್ತದೆಯಲ್ಲ, ಹಾಗೆ. ಹುಡುಗಿ ಬಣ್ಣದ ಮೊಟ್ಟೆ ಕೊಟ್ಟು ಕಳಿಸುತ್ತಾಳೆ. ಪದ್ಯವಿಲ್ಲದೆ ನೀರಿಲ್ಲ, ನೀರಿಲ್ಲದೆ ಮೊಟ್ಟೆಯಿಲ್ಲ. ಮಧ್ಯಾಹ್ನದ ಗಂಟೆ ಹೊಡೆದರೆ ಎಲ್ಲವೂ ಮುಗಿಯಿತು. ಆಮೇಲೆ ಬಂದವನ ಮೇಲೆ ಹುಡುಗಿಯರೇ ಬಕೆಟ್ ಸುರಿಯುತ್ತಾರೆ.

ಮೊಬೈಲಿನಲ್ಲಿ ಸಿಗುವ ಪದ್ಯಗಳು ಊರಿಗೆಲ್ಲ ಬಾಯಿಪಾಠ. ಅವನ್ನು ಹೇಳಿದವನಿಗೆ ನಗೆಪಾಟಲು ತಪ್ಪದು. ಆದ್ದರಿಂದ ಎಲ್ಲರೂ ಕದ್ದುಮುಚ್ಚಿ ಇಲ್ಕಾಳ ಬಳಿಗೇ ಬರುತ್ತಿದ್ದರು. ಅವಳು ಯಾವ ಮನೆ, ಯಾವ ಹುಡುಗಿ ಎಂದು ಕೇಳಿ, ಒಂದು ಕಾದಂಬರಿಯನ್ನು ಕೈಗಿಡುತ್ತಿದ್ದಳು. ಓದಿ ಬಂದು ಅವಳ ಮೂರು ಪ್ರಶ್ನೆಗೆ ಉತ್ತರ ಹೇಳಿದರೆ ಪದ್ಯ. ಅದೇ ಕೂಲಿ, ಬೇರೇನೂ ಬೇಡ.

ಇಲ್ಕಾ ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು. ಹನ್ನೆರಡು ವರ್ಷ ಪಟ್ಟಣದ ಕಾರ್ಖಾನೆಯಲ್ಲಿ ಬಟಾಣಿ ಡಬ್ಬಿಗಳಿಗೆ ಚೀಟಿ ಅಂಟಿಸಿದಳು. ಊಟದ ಬಿಡುವಿನಲ್ಲಿ ಓದಿದಳು, ಬಸ್ಸಿನಲ್ಲಿ ಓದಿದಳು. ಹಳೆಯ ಗ್ರಂಥಪಾಲಕರು ತೀರಿಕೊಂಡಾಗ ಪಂಚಾಯಿತಿಯವರು ಯಾರೂ ಸಿಗದೆ ಅವಳನ್ನೇ ಕೂರಿಸಿದರು. ಆ ಒಂದೇ ಕೋಣೆಯಲ್ಲಿ ಕಬ್ಬಿಣದ ಒಲೆ, ಯೇಸುವಿನ ಸಣ್ಣ ಶಿಲುಬೆ, ನಾಲ್ಕು ಬೀರು ಪುಸ್ತಕ. ಅದರಲ್ಲಿ ಒಂದು ಬೀರು ಪೂರ್ತಿ ಹರೆಯದವರ ಪ್ರೇಮ ಕಾದಂಬರಿಗಳು. ಪಾದ್ರಿಗಳು ಒಮ್ಮೆ "ಇಷ್ಟೊಂದು ಪ್ರೇಮ ಯಾಕಮ್ಮ?" ಎಂದು ಕೇಳಿದ್ದರು. "ಸ್ವಾಮಿ, ಎಲ್ಲದರಲ್ಲೂ ಕೊನೆಗೆ ಮಕ್ಕಳು ಅಪ್ಪ ಅಮ್ಮನ ಹತ್ರ ವಾಪಸ್ ಬರ್ತಾರೆ. ನೀವು ಹೇಳೋದೂ ಅದೇ ಅಲ್ವಾ?" ಎಂದಿದ್ದಳು. ಪಾದ್ರಿಗಳು ಒಂದು ಪುಸ್ತಕ ತೆಗೆದುಕೊಂಡು ಹೋದರು. ಇನ್ನೂ ಹಿಂತಿರುಗಿಸಿಲ್ಲ.

ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಬೀರಿನೊಳಗೆ ಇನ್ನೂರು ಸಲ ಆಗಿದೆ, ಸಾಕು" ಎನ್ನುತ್ತಿದ್ದಳು. ತಮ್ಮ ಬಾರ್ನಾನ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಅವಳ ವಾಸ. ಬಾರ್ನಾ ಜೇನು ಸಾಕುವವನು. ಹೆಂಡತಿ ತೆರ್ಕಾ, ಒಬ್ಬಳೇ ಮಗಳು ಬೋರೋಕಾ. ಆ ಹುಡುಗಿ ನಡೆಯಲು ಕಲಿತದ್ದು ಗ್ರಂಥಾಲಯದ ಬೀರುಗಳನ್ನು ಹಿಡಿದುಕೊಂಡು. ಈಗ ಹದಿನಾರು.

ಆ ವರ್ಷ ಈಸ್ಟರಿಗೆ ಮುಂಚಿನ ಪವಿತ್ರ ವಾರದ ಮಂಗಳವಾರ ಇಲ್ಕಾ, ಬೋರೋಕಾ ಇಬ್ಬರೂ ಅಡುಗೆಮನೆಯ ಮೇಜಿನಲ್ಲಿ ಮೊಟ್ಟೆಗಳಿಗೆ ಮೇಣದ ಗೆರೆ ಎಳೆಯುತ್ತಿದ್ದರು. ಒಲೆಯ ಮೇಲೆ ಈರುಳ್ಳಿ ಸಿಪ್ಪೆಯ ಕಂದು ನೀರು ಕುದಿಯುತ್ತಿತ್ತು.

"ಅತ್ತೆ," ಎಂದಳು ಬೋರೋಕಾ ತಲೆಯೆತ್ತದೆ. "ಹೋದ ವರ್ಷ ಬಂದ ಒಂಬತ್ತು ಹುಡುಗರದ್ದೂ ನಿನ್ನ ಪದ್ಯ ಅಂತ ನಂಗೊತ್ತು."

"ಯಾರ್ ಹೇಳಿದ್ರು?"

"ಯಾರ್ ಹೇಳ್ಬೇಕು? ನೀನು ಓದಿದ ಪುಸ್ತಕ ಎಲ್ಲಾ ನಾನೂ ಓದಿದೀನಿ. ಕಟುಕರ ಮನೆ ಹುಡುಗ ಬಂದು 'ಹಿಮದೊಳಗಿನ ಬೆಚ್ಚನೆ ಕಿಟಕಿ' ಅಂತಾನೆ! ಅವನ ಬಾಯಲ್ಲಿ! ಅವನಿಗೆ ಕಿಟಕಿ ಅಂದ್ರೆ ಒದೆಯೋ ಚೆಂಡಿಗೆ ಗುರಿ ಅಷ್ಟೆ."

ಇಲ್ಕಾ ನಕ್ಕಳು. ಹುಡುಗಿ ನಗಲಿಲ್ಲ.

"ಈ ಸಲ ಒಬ್ಬ ಬರ್ತಾನೆ. ಬರ್ತಾನೆ ಅನ್ಸತ್ತೆ. ಬಸ್ಸಲ್ಲಿ ನನ್ನ ಮುಂದಿನ ಸೀಟಲ್ಲಿ ಕೂರೋನು. ಆರು ತಿಂಗಳಾಯ್ತು, ಅವನ ಕತ್ತಿನ ಹಿಂಭಾಗ ನಂಗೆ ಬಾಯಿಪಾಠ ಆಗಿದೆ. ಅವನು ಆರು ಮಾತೂ ಆಡಿಲ್ಲ. ಅವನ ಬಾಯಿಂದ ನಿನ್ನ ಪದ್ಯ ಕೇಳಿದ್ರೆ ಬಿಳಿ ಮೊಟ್ಟೆ ಕೊಟ್ಟು ಕಳಿಸ್ತೀನಿ ನೋಡು."

ಬಿಳಿ ಮೊಟ್ಟೆ ಎಂದರೆ ಬಣ್ಣವಿಲ್ಲದ, ಬರೀ ಬೇಯಿಸಿದ ಮೊಟ್ಟೆ. ಅದನ್ನು ಪಡೆದವನನ್ನು ಊರು ಮುಂದಿನ ಈಸ್ಟರಿನವರೆಗೂ ಬಿಡುವುದಿಲ್ಲ.

"ಅವನಿಗೆ ಪದ್ಯ ಬರ್ದೇ ಇದ್ರೆ?"

"ಬರ್ದೇ ಇದ್ರೆ ಬರಲ್ಲ ಅಂತ ಹೇಳ್ಲಿ. ಅದಾದ್ರೂ ಅವನದೇ ಮಾತಾಗಿರತ್ತೆ. ಈ ವಿಷ್ಯ ನೀನು ಯಾರಿಗೂ ಬಾಯಿ ಬಿಡ್ಬಾರ್ದು. ಅವನಿಗಂತೂ ಹೇಳ್ಲೇಬಾರ್ದು. ಮಾತು ಕೊಡು ಅತ್ತೆ."

ಇಲ್ಕಾ ಮಾತು ಕೊಟ್ಟಳು. ಕೊಟ್ಟ ಮೇಲೆ ತಿಳಿಯಿತು, ಹುಡುಗಿ ಬಸ್ಸಿನ ಸೀಟು ಹೇಳಿದಳೇ ಹೊರತು ಹೆಸರು ಹೇಳಲಿಲ್ಲ ಎಂದು.

ಹೆಸರು ಮರುದಿನವೇ ತಾನಾಗಿ ಗ್ರಂಥಾಲಯದ ಬಾಗಿಲು ತಟ್ಟಿತು. ವೆಂದೆಲ್. ಪಟ್ಟಣದ ಬಡಗಿ ಶಾಲೆಯಲ್ಲಿ ಓದುವ, ಅಜ್ಜಿಯ ಜೊತೆ ಇರುವ, ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಉದ್ದದ ಹುಡುಗ. ಮೂರು ವಾರದ ಹಿಂದೆ ಪದ್ಯ ಬೇಕೆಂದು ಬಂದಿದ್ದ. ಯಾವ ಮನೆ ಎಂದು ಕೇಳಿದಾಗ ಕಿವಿ ಕೆಂಪು ಮಾಡಿಕೊಂಡು "ಆಮೇಲೆ ಹೇಳ್ತೀನಿ" ಎಂದು ಪುಸ್ತಕ ಒಯ್ದಿದ್ದ. ದೋಣಿಯವನ ಮಗಳ ಕಥೆ ಅದು. ಮನೆ ಬಿಟ್ಟು ಹೋದ ತಾಯಿ ಮಗಳಿಗೆ ಬರೆದ ಪತ್ರ ಕೊನೆಯವರೆಗೂ ಲಕೋಟೆಯೊಳಗೇ ಉಳಿಯುತ್ತದೆ.

"ಪತ್ರ ಯಾಕೆ ಒಡೀಲಿಲ್ಲ ಅವಳು?" ಎಂದು ಇಲ್ಕಾ ಕೇಳಿದಳು. ಈ ಪ್ರಶ್ನೆಗೆ ಹುಡುಗರು ಸಾಮಾನ್ಯವಾಗಿ "ಕೋಪಕ್ಕೆ" ಎನ್ನುತ್ತಿದ್ದರು.

ವೆಂದೆಲ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಓದಿದ್ರೆ ಅಮ್ಮನ್ನ ಕ್ಷಮಿಸ್ಬೇಕಾಗತ್ತೆ. ಕ್ಷಮಿಸಿದ್ರೆ ಅವಳು ಆಮೇಲೆ ಚಿಕ್ಕ ಹುಡುಗಿ ಆಗಿರಕ್ಕಾಗಲ್ಲ. ಇನ್ನೂ ಸ್ವಲ್ಪ ದಿನ ಇರೋಣ ಅಂತ ಇಟ್ಕೊಂಡ್ಲು ಅನ್ಸತ್ತೆ, ನೇನಿ." ಊರಿನ ಹುಡುಗರಿಗೆಲ್ಲ ಅವಳು ನೇನಿ, ಅಂದರೆ ಚಿಕ್ಕಮ್ಮ.

ಆ ಪುಸ್ತಕವನ್ನು ಇಲ್ಕಾ ಹನ್ನೊಂದು ಸಲ ಓದಿದ್ದಳು. ಅವಳಿಗೇ ಇದು ಹೊಳೆದಿರಲಿಲ್ಲ. ಉಳಿದೆರಡು ಪ್ರಶ್ನೆ ಕೇಳುವುದನ್ನೇ ಮರೆತಳು.

"ಯಾವ ಮನೆಗಪ್ಪಾ ಪದ್ಯ?"

"ನಿಮ್ಮ ಮನೇಗೇ. ಬೋರೋಕಾಗೆ." ಆಮೇಲೆ ತಡೆದು, "ಬಸ್ಸಲ್ಲಿ ಅವಳು ನನ್ನ ಹಿಂದೆ ಕೂರ್ತಾಳೆ."

ಕೆಂಪು ಪೆನ್ಸಿಲ್ ಇಲ್ಕಾಳ ಕೈಯಲ್ಲೇ ಇತ್ತು. ಎರಡು ಸಾಲು ಆಗಲೇ ಮನಸ್ಸಿನಲ್ಲಿ ಮೂಡಿಯೂ ಇದ್ದವು, ಒಳ್ಳೆಯ ಸಾಲುಗಳು. ಅವಳು ಪೆನ್ಸಿಲನ್ನು ಮೇಜಿನ ಮೇಲಿಟ್ಟಳು.

"ನಿನಗೆ ಬರೆದುಕೊಡಕ್ಕಾಗಲ್ಲ ಕಣೋ."

"ಯಾಕೆ? ಪುಸ್ತಕ ಓದಿದೆನಲ್ಲ? ತಪ್ಪು ಹೇಳಿದ್ನಾ?"

"ತಪ್ಪಿಲ್ಲ. ಕಾರಣ ಹೇಳೋ ಹಾಗಿಲ್ಲ."

"ಎಲ್ರಿಗೂ ಬರ್ದಿದೀರ ನೇನಿ. ಆ ಕಟುಕರ ಹುಡುಗ ಅರ್ಧ ಪುಸ್ತಕ ಓದಿ ಅರ್ಧ ಅವನ ತಂಗಿ ಹತ್ರ ಕೇಳ್ಕೊಂಡು ಬಂದ, ಅವನಿಗೂ ಬರ್ದಿದೀರ." ಅವನು ಟೋಪಿಯನ್ನು ತಲೆಗೆ ಹಾಕಿಕೊಂಡ. "ನಿಮ್ಮನೆ ಹುಡುಗಿಗೆ ನಾನು ಸಾಲಲ್ಲ ಅಂತ ತಾನೇ? ನೇರವಾಗಿ ಹೇಳ್ಬೋದಿತ್ತು. ಬಿಡಿ, ಬರೋದೇ ಇಲ್ಲ ನಾನು."

ಬಾಗಿಲಿಗೆ ಹಣೆ ತಗುಲಿಸಿಕೊಂಡು ಹೊರಟುಹೋದ.

ಗುರುವಾರ ಸಂಜೆಯಿಂದ, ಯೇಸುವಿನ ಮರಣದ ಶೋಕಕ್ಕೆ, ಇಗರ್ಜಿಯ ಗಂಟೆಗಳು ಮೌನವಾದವು. ನಮ್ಮ ಕಡೆ ಗಂಟೆಗಳು ರೋಮ್‌ಗೆ ಹೋಗಿವೆ ಎನ್ನುತ್ತಾರೆ. ಶುಕ್ರವಾರ ಶಿಲುಬೆಯ ಮುಂದೆ ಮೊಣಕಾಲೂರಿದಾಗ ಇಲ್ಕಾಳ ಮನಸ್ಸು ಪ್ರಾರ್ಥನೆಗೆ ನಿಲ್ಲಲಿಲ್ಲ. ಹುಡುಗಿಗೆ ಕೊಟ್ಟ ಮಾತು ಉಳಿಸಿಕೊಂಡರೆ ಹುಡುಗ ಬರುವುದಿಲ್ಲ. ಹುಡುಗ ಬಾರದಿದ್ದರೆ ಬೋರೋಕಾ ಸೋಮವಾರ ಇಡೀ ಬೆಳಗ್ಗೆ ಬಾಗಿಲು ನೋಡುತ್ತ ಕೂರಬೇಕು. ಮೊದಲ ಸಲ ಯಾರನ್ನೋ ಕಾಯುವ ಹುಡುಗಿ, ಆ ಕಾಯುವಿಕೆಯೇ ಸುಳ್ಳಾದರೆ? ಮಾತು ಮುರಿದರೋ, ಹುಡುಗಿ ಇನ್ನೆಂದೂ ಅಡುಗೆಮನೆಯ ಮೇಜಿನಲ್ಲಿ ಅತ್ತೆಯ ಮುಂದೆ ಬಾಯಿ ಬಿಡಳು. 'ಸ್ವಾಮಿ, ಈ ತಪಸ್ಸುಕಾಲದ ನಲವತ್ತು ದಿನ ನಿನಗೋಸ್ಕರ ನಾನು ಸಕ್ಕರೆ ಬಿಟ್ಟೆ,' ಎಂದಳು ಮನಸ್ಸಿನಲ್ಲೇ. 'ನೀನು ಕೇಳಿದ್ದು ಪೆನ್ಸಿಲ್ ಅಂತ ಈಗ ಗೊತ್ತಾಗ್ತಾ ಇದೆ. ಸಕ್ಕರೆ ಸುಲಭವಾಗಿತ್ತು.'

ಭಾನುವಾರ ಪೂಜೆಯ ನಂತರ ಎಲ್ಲರೂ ಇಗರ್ಜಿಯ ಅಂಗಳದಲ್ಲಿ ಬುಟ್ಟಿಗಳನ್ನಿಟ್ಟು ನಿಂತಿದ್ದರು. ಹಂದಿಯ ತೊಡೆಮಾಂಸ, ಹೆಣೆದ ಸಿಹಿ ರೊಟ್ಟಿ, ಮೂಗಿಗೇರುವ ಖಾರದ ಬೇರು ಎಲ್ಲದರ ಮೇಲೂ ಪಾದ್ರಿಗಳು ತೀರ್ಥ ಹಾಕುತ್ತಿದ್ದರು. ವೆಂದೆಲ್ ಅಜ್ಜಿಯ ಬುಟ್ಟಿ ಹಿಡಿದು ಗೋಡೆಯ ಪಕ್ಕ ನಿಂತಿದ್ದ. ಇಲ್ಕಾ ನೇರವಾಗಿ ಅವನ ಬಳಿಗೆ ಹೋದಳು.

"ಒಂದು ಮಾತು ಕೇಳ್ತೀನಿ. ಆ ಪತ್ರದ ವಿಷಯ ಹೇಳಿದೆಯಲ್ಲ, ಯಾರ್ ಹೇಳ್ಕೊಟ್ಟಿದ್ದು?"

"ಯಾರೂ ಇಲ್ಲ. ನಂಗೇ ಹಾಗನ್ನಿಸ್ತು."

"ನಲವತ್ತು ಜನ ಹುಡುಗರಿಗೆ ಆ ಪ್ರಶ್ನೆ ಕೇಳಿದೀನಿ ನಾನು. ಇಂಥ ಮಾತು ತನ್ನ ಹತ್ರಾನೇ ಇಟ್ಕೊಂಡವನಿಗೆ ನಾನೇನು ಬರೆದುಕೊಡ್ಲಿ? ನೀನು ಸಾಲಲ್ಲ ಅಂತ ಅಲ್ಲ ಕಣೋ ಮಂಕೆ."

ವೆಂದೆಲ್ ಅವಳನ್ನೇ ನೋಡಿದ. ಆಮೇಲೆ ಬುಟ್ಟಿ ಕೆಳಗಿಟ್ಟು, ಕೋಟಿನ ಒಳಜೇಬಿನಿಂದ ಎಂಟು ಮಡಿಕೆ ಮಾಡಿದ ಹಾಳೆಯೊಂದನ್ನು ತೆಗೆದ. "ರಾತ್ರಿ ಬರ್ದೆ. ಪ್ರಾಸ ಬರ್ಲಿಲ್ಲ. ನೀವು ಸ್ವಲ್ಪ ತಿದ್ದಿ..."

ಇಲ್ಕಾ ಎರಡೂ ಕೈಗಳನ್ನು ಶಾಲಿನೊಳಗೆ ಸೇರಿಸಿಬಿಟ್ಟಳು. "ತೋರಿಸ್ಬೇಡ! ಓದಿದ್ರೆ ನನ್ನ ಕೈ ಸುಮ್ನಿರಲ್ಲ. ಮಡಚಿ ಒಳಗಿಡು. ಇಡೋ ಅಂದ್ರೆ!"

"ನಿಮ್ಮ ತಮ್ಮ ನಗ್ತಾರೆ."

"ನಗ್ತಾನೆ. ಅವನು ಜೇನುಹುಳ ಕಚ್ಚಿದ್ರೂ ನಗ್ತಾನೆ."

ಬರುತ್ತೇನೆಂದು ವೆಂದೆಲ್ ಹೇಳಲಿಲ್ಲ. ಬರುವುದಿಲ್ಲವೆಂದೂ ಹೇಳಲಿಲ್ಲ.

ಸೋಮವಾರ ಬೆಳಗ್ಗೆ ಎಂಟಕ್ಕೇ ಹುಡುಗರ ಸಾಲು ಶುರುವಾಯಿತು. ಬಾರ್ನಾ ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು, ದೊಡ್ಡವರಿಗೆ ಪ್ಲಮ್ ಹಣ್ಣಿನ ಸಾರಾಯಿ, ಚಿಕ್ಕವರಿಗೆ ಸಿಹಿ ರೊಟ್ಟಿ ಕೊಡುತ್ತ ನ್ಯಾಯಾಧೀಶನ ಗತ್ತಿನಲ್ಲಿದ್ದ. ಕಟುಕರ ಮನೆಯ ಹುಡುಗ ಎದೆಯುಬ್ಬಿಸಿ ನಿಂತ:

"ಬೇಲಿ ಹಾರಿ ಬಂದೆ ನಾನು, ನಾಯಿಗಂಜಲಿಲ್ಲ,
ಈ ಮನೆಯ ಗುಲಾಬಿಗೆ ನೀರೆರೆದವರಿಲ್ಲ.
ಬಾಡಬಾರದು ಹೂವು, ಬಾಟಲಿ ಕೈಲಿದೆ,
ಬೇಗ ಹೇಳಿ, ಎರೆಯಲೇ? ಮುಂದಿನ ಮನೆ ಕಾದಿದೆ!"

"ಭಲೇ! ನಿಂದೇನೋ ಇದು?" ಎಂದ ಬಾರ್ನಾ.

"ನಂದೇ ಬಾರ್ನಾ ಮಾಮ! ನಿನ್ನೆ ಮೂರು ಗಂಟೆ ಕೂತು ಬರ್ದೆ," ಎಂದು ಅವನು ಇಲ್ಕಾಳ ಮುಖವನ್ನೇ ನೋಡುತ್ತ ರೆಪ್ಪೆ ಬಡಿಯದೆ ಹೇಳಿ, ಹುಡುಗಿಗೆ, ಅವಳಮ್ಮನಿಗೆ, ಇಲ್ಕಾಳಿಗೆ ಎಲ್ಲರಿಗೂ ನೀರು ಚಿಮುಕಿಸಿದ. ಹೆಣ್ಣೆಂದ ಮೇಲೆ ಯಾವ ವಯಸ್ಸಾದರೂ ನೀರು ತಪ್ಪದು. ಇಲ್ಕಾ ತನ್ನದೇ ಪದ್ಯಗಳನ್ನು ಒಂದಾದ ಮೇಲೊಂದು ಗಂಭೀರವಾಗಿ ಕೇಳಿಸಿಕೊಂಡಳು. ಹತ್ತೂವರೆಯ ಹೊತ್ತಿಗೆ ಮೂವರು ಹೆಂಗಸರ ಕೂದಲಿನಿಂದಲೂ ಹನ್ನೊಂದು ಬಗೆಯ ಅಗ್ಗದ ಸುಗಂಧ ಒಟ್ಟಿಗೆ ಎದ್ದು, ಬೆಕ್ಕು ಮನೆ ಬಿಟ್ಟು ಓಡಿತ್ತು.

ಬೋರೋಕಾ ಎಲ್ಲರಿಗೂ ನಗುತ್ತ ಕಂದು ಮೊಟ್ಟೆ ಕೊಟ್ಟಳು. ಹನ್ನೊಂದಾಯಿತು. ಹನ್ನೊಂದೂವರೆಯಾಯಿತು. ನಗು ಕಡಿಮೆಯಾಯಿತು. ಹನ್ನೊಂದು ಮುಕ್ಕಾಲಿಗೆ ಅವಳು ಇಲ್ಕಾಳ ಪಕ್ಕ ಬಂದು ಕುಳಿತು, "ಅತ್ತೆ, ನೀನು ಅವನಿಗೆ ಏನಾದ್ರೂ ಹೇಳಿದ್ಯಾ?" ಎಂದಳು.

"ಇಲ್ಲಮ್ಮ. ನಿನ್ನ ಮಾತು ಒಂದೂ ಹೇಳಿಲ್ಲ."

"ಹಾಗಾದ್ರೆ ಅವನಿಗೇ ಬರ್ಬೇಕು ಅನ್ಸಿಲ್ಲ," ಎಂದಳು ಹುಡುಗಿ, ಬಹಳ ಮೆಲ್ಲಗೆ.

ಆಗ ಗೇಟು ಕಿರುಗುಟ್ಟಿತು. ವೆಂದೆಲ್ ಒಬ್ಬನೇ ಬಂದ, ಹಬ್ಬದ ಬಿಳಿ ಅಂಗಿಯಲ್ಲಿ, ಅಜ್ಜಿಯ ದೊಡ್ಡ ಸುಗಂಧದ ಬಾಟಲಿ ಹಿಡಿದು. ಹಾಳೆ ತೆಗೆದ, ನೋಡಿದ, ಮತ್ತೆ ಜೇಬಿಗೆ ತುರುಕಿದ.

"ನಾನು ಬಡಗಿ ಶಾಲೆಯವನು, ಪದ್ಯ ಬರುವುದಿಲ್ಲ.
ಬಸ್ಸಿನಲ್ಲಿ ನಿನ್ನ ಮುಂದಿನ ಸೀಟು ನನ್ನದು.
ನೀನು ಗಸಗಸೆ ಸುರುಳಿ ತಿನ್ನುತ್ತೀಯ,
ಪುಡಿ ನನ್ನ ಕಾಲರಿನೊಳಗೆ ಬೀಳುತ್ತದೆ.
ಸಂಜೆಯವರೆಗೂ ನಾನದನ್ನು ಕೊಡವುವುದಿಲ್ಲ.
ನೀರು ಹಾಕಲೇ?"

ಬಾರ್ನಾ ಕಿವಿಯ ಹಿಂದೆ ಕೆರೆದುಕೊಂಡ. "ಅಲ್ಲಪ್ಪಾ, ಪ್ರಾಸ ಎಲ್ಲಿ ಬಿದ್ದುಹೋಯ್ತು? ದಾರೀಲಾ?"

"ಅಪ್ಪಾ, ಸುಮ್ನಿರು!" ಎಂದಳು ಬೋರೋಕಾ. ಒಳಗೆ ಓಡಿದಳು. ಹೊರಗೆ ಬಂದಾಗ ಕೈಯಲ್ಲಿದ್ದದ್ದು ಕೆಂಪು ಮೊಟ್ಟೆ. ಅದರ ಮೇಲೆ ಎಳೆ ಎಳೆಯಾಗಿ ಜರೀಗಿಡದ ಎಲೆ. ಅದನ್ನು ಯಾವಾಗ ಬರೆದಳೋ ಅತ್ತೆಗೇ ತಿಳಿದಿರಲಿಲ್ಲ.

ವೆಂದೆಲ್ ಮೊಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ, ತಲೆಬಾಗಿದ, ತಿರುಗಿ ಗೇಟಿನ ಕಡೆ ನಡೆದೇಬಿಟ್ಟ.

"ಏಯ್! ನೀರು!" ಎಂದು ಕೂಗಿದಳು ಬೋರೋಕಾ. "ಬಾಡಿಹೋಗ್ಲಾ ನಾನು?"

ಅವನು ಅರ್ಧ ಅಂಗಳದಿಂದ ಓಡಿಬಂದ. ಬಿರಡೆ ಬಿಗಿಯಾಗಿತ್ತು. ಹಲ್ಲಿನಿಂದ ಕಚ್ಚಿ ಎಳೆದ ರಭಸಕ್ಕೆ ಬಾಟಲಿಯಲ್ಲಿದ್ದದ್ದೆಲ್ಲ ಒಂದೇ ಸಲ ಅವಳ ತಲೆ, ಹೆಗಲು, ಹಬ್ಬದ ಕಸೂತಿ ರವಿಕೆಯ ಮೇಲೆ ಸುರಿಯಿತು. ಅವಳು ಕಿರುಚಿದಳು, ಆಮೇಲೆ ನಗಲಾರಂಭಿಸಿ ನಿಲ್ಲಿಸಲಾರದೆ ಕಂಬಕ್ಕೆ ಒರಗಿದಳು. ಇಗರ್ಜಿಯ ಗಂಟೆ ಹನ್ನೆರಡು ಹೊಡೆಯತೊಡಗಿತು.

"ಅಕ್ಕಾ," ಎಂದು ಬಾರ್ನಾ ಇಲ್ಕಾಳ ಕಿವಿಯ ಬಳಿ ಬಗ್ಗಿದ, "ಇದೂ ನಿಂದೇನಾ? ಈ ಸಲ ನಿನ್ನ ಕೈ ಸ್ವಲ್ಪ ಕೆಟ್ಟಿದೆ."

"ನಂದಲ್ಲ," ಎಂದಳು ಇಲ್ಕಾ. "ಒಂದಕ್ಷರವೂ ನಂದಲ್ಲ." ಇಷ್ಟು ವರ್ಷಗಳಲ್ಲಿ ಯಾವ ಪದ್ಯದ ಬಗೆಗೂ ಅವಳು ಇಷ್ಟು ಹೆಮ್ಮೆಯಿಂದ ಮಾತಾಡಿರಲಿಲ್ಲ.

ವೆಂದೆಲ್ ಖಾಲಿ ಬಾಟಲಿಯನ್ನು ಅಲ್ಲಾಡಿಸಿ ನೋಡುತ್ತ ಅವಳ ಮುಂದೆ ಬಂದು ನಿಂತ. "ನೇನಿ, ನಿಮಗೆ ಒಂದು ಹನಿಯೂ ಉಳೀಲಿಲ್ಲ."

"ನಂಗೆ ಬೆಳಗ್ಗೆಯಿಂದ ಸಾಕಾಗಿದೆ ಕಣೋ, ನೊಣವೂ ಹತ್ರ ಬರ್ತಿಲ್ಲ," ಎಂದಳು ಇಲ್ಕಾ. "ಒಳಗೆ ಬಾ. ಬಾಗಿಲಿಗೆ ತಲೆ ಬಗ್ಗಿಸು. ಊಟಕ್ಕೆ ಕೂರು."